ಸೀಟಿಗೂ ಒಂದು ಅಳತೆ ಉಂಟು

ತಿರುವನಂತಪುರದ ಶ್ರೀಕಾರ್ಯಂ ಜಂಕ್ಷನ್ನಿನಲ್ಲಿ ಬಸ್ಸುಗಳ ಗದ್ದಲ ಏಳುವ ಮುಂಚಿನ ಒಂದು ಗಂಟೆ ಸೈಕಲ್ಲಿನವರದು. ಉಳ್ಳೂರು, ಪೊಂಗುಮ್ಮೂಡು ಕಡೆಯಿಂದ ಬಂದವರು ಇಲ್ಲಿ ಹಾದು ಚಾವಡಿಮುಕ್ಕು, ಪಾಂಗಪ್ಪಾರ, ಕಾರ್ಯವಟ್ಟಂ ದಾರಿ ಹಿಡಿಯುತ್ತಾರೆ. ಕಳಕ್ಕೂಟ್ಟಂ ಮುಟ್ಟಿ ಬೈಪಾಸಿಗೆ ಬಿದ್ದರೆ ಕೋವಳಂವರೆಗೂ ಒಳ್ಳೆಯ ರಸ್ತೆ. ಕಾಲಲ್ಲಿ ಕಸುವಿದ್ದವರು ಭಾನುವಾರಕ್ಕೆ ಪೊನ್ಮುಡಿಯ 22 ಹೇರ್‌ಪಿನ್ ತಿರುವುಗಳನ್ನೇ ಹತ್ತಿ ಇಳಿಯುತ್ತಾರೆ. ಬಾಗಿದ ಕೊಂಬಿನಂಥ ಹ್ಯಾಂಡಲ್ಲಿನ, ತೆಳು ಟೈರಿನ ರೋಡ್ ಬೈಕುಗಳ ಮೇಲೆ ಈಗ ಹೆಂಗಸರೂ ಸಾಕಷ್ಟು ಕಾಣುತ್ತಾರೆ: ಟೆಕ್ನೋಪಾರ್ಕಿನ ನೌಕರರು, ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿನಿಯರು, ವೈದ್ಯರು, ಬ್ಯಾಂಕಿನವರು. ನಮ್ಮಂಥ ಕನ್ನಡದವರೂ ಒಬ್ಬಿಬ್ಬರು.

ಸವಾರಿ ಮುಗಿಸಿ ಚಾಯದ ಅಂಗಡಿ ಮುಂದೆ ನಿಂತಾಗ ಮಾತು ಗೇರಿನ ಬಗ್ಗೆ, ಟೈರಿನ ಗಾಳಿಯ ಬಗ್ಗೆ, ಯಾರು ಯಾವ ಏರಿನಲ್ಲಿ ಯಾರನ್ನು ಹಿಂದೆ ಹಾಕಿದರು ಎಂಬುದರ ಬಗ್ಗೆ. ಸೀಟಿನ ಮಾತು ಬರುವುದಿಲ್ಲ. ಗಂಡಸರು ಸ್ವಲ್ಪ ಆಚೆ ಸರಿದ ಮೇಲೆ, ದನಿ ತಗ್ಗಿಸಿ, ಒಬ್ಬಳು ಇನ್ನೊಬ್ಬಳನ್ನು ಕೇಳುತ್ತಾಳೆ: ನಿಂಗೂ ಅಲ್ಲಿ ನೋಯುತ್ತಾ? ಉತ್ತರ ಹೆಚ್ಚುಕಡಿಮೆ ಯಾವಾಗಲೂ ‘ಹೌದು’. ಆಮೇಲೆ ಹೊರಬರುವ ಪಟ್ಟಿ ಉದ್ದ. ಒಂದು ಗಂಟೆಯೊಳಗೆ ಜೋಮು. ಉಜ್ಜಿ ಉಜ್ಜಿ ಎದ್ದ ಗುಳ್ಳೆ, ಕುರು. ಮನೆಗೆ ಬಂದು ಮೂತ್ರಕ್ಕೆ ಕೂತರೆ ಉರಿ. ಒಂದು ಬದಿ ಮಾತ್ರ ಊದಿಕೊಳ್ಳುವುದು. ಇದನ್ನು ಕ್ಲಬ್ಬಿನ ಹಿರಿಯರ ಹತ್ತಿರ ಹೇಗೋ ಸುತ್ತಿ ಬಳಸಿ ಹೇಳಿದರೂ ಬರುವ ಸಮಾಧಾನ ಒಂದೇ: ಓಡಿಸುತ್ತಾ ಓಡಿಸುತ್ತಾ ಅಭ್ಯಾಸವಾಗುತ್ತದೆ.

ಅಭ್ಯಾಸವಾಗುವ ನೋವೂ ಒಂದಿದೆ, ಅಭ್ಯಾಸ ಮಾಡಿಕೊಳ್ಳಬಾರದ ನೋವೂ ಒಂದಿದೆ. ಎರಡಕ್ಕೂ ಒಂದೇ ಮಾತು ಹೇಳಿ ಕಳಿಸುವುದೇ ಇಲ್ಲಿನ ದೊಡ್ಡ ತಪ್ಪು. ಪೃಷ್ಠದ ಕೆಳಗೆ ಎರಡು ಕಡೆ ಕೈಗೆ ಗಟ್ಟಿಯಾಗಿ ಸಿಗುವ ಮೂಳೆಗಳಿವೆಯಲ್ಲ, ನೆಲದ ಮೇಲೆ ಕೂತಾಗ ಭಾರ ಹೊರುವಂಥವು, ಆ ಜಾಗದಲ್ಲಿ ಮೊದಲ ಕೆಲವು ವಾರ ಮೂಡುವ ಮಂದ ನೋವು ಅಭ್ಯಾಸದಿಂದ ಹೋಗುತ್ತದೆ. ಎರಡು ಮೂಳೆಗಳ ನಡುವೆ, ಮುಂದುಗಡೆ, ಮೃದು ಭಾಗದಲ್ಲಿ ಜೋಮು ಹಿಡಿದರೆ, ಉರಿದರೆ, ಊದಿದರೆ ಅದು ಸಹಿಸಿ ಗೆಲ್ಲುವ ನೋವಲ್ಲ. ರಕ್ತನಾಳ, ನರಗಳ ಮೇಲೆ ಭಾರ ಬಿದ್ದಿದೆ, ಸೀಟು ಸರಿಯಿಲ್ಲ ಅಥವಾ ಕೂತ ಭಂಗಿ ಸರಿಯಿಲ್ಲ ಎಂದೇ ಅರ್ಥ.

ಊರಿನ ಲೇಡಿಸ್ ಸೈಕಲ್ಲಿನಲ್ಲಿ ಈ ಗೋಳು ಯಾಕಿರಲಿಲ್ಲ ಎಂದು ಕೇಳುವವರಿದ್ದಾರೆ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಲಕ್ಷಾಂತರ ಹುಡುಗಿಯರು ಶಾಲೆಗೆ ಸೈಕಲ್ಲಿನಲ್ಲೇ ಹೋದರು, ಸೀಟಿನ ತಕರಾರು ಕೇಳಿಬರಲಿಲ್ಲ. ಕಾರಣ ಸರಳ. ಆ ಸೈಕಲ್ಲಿನಲ್ಲಿ ಹ್ಯಾಂಡಲ್ಲು ಎತ್ತರ, ಬೆನ್ನು ನೆಟ್ಟಗೆ. ಮೈಭಾರವೆಲ್ಲ ಹಿಂದಿನ ಆ ಎರಡು ಮೂಳೆಗಳ ಮೇಲೆ. ಕೆಳಗೆ ಸ್ಪ್ರಿಂಗಿನ ಅಗಲ ಸೀಟು. ದಾರಿಯೂ ಎರಡು ಮೂರು ಕಿಲೋಮೀಟರು. ರೋಡ್ ಬೈಕಿನಲ್ಲಿ ಹ್ಯಾಂಡಲ್ಲು ಸೀಟಿನ ಮಟ್ಟಕ್ಕೋ ಅದಕ್ಕಿಂತ ಕೆಳಕ್ಕೋ ಇರುತ್ತದೆ. ಗಾಳಿಗೆ ತಲೆ ತಗ್ಗಿಸಿ ಬಾಗಿದ ಕೂಡಲೇ ಸೊಂಟದ ಗೂಡು ಮುಂದಕ್ಕೆ ಉರುಳುತ್ತದೆ, ಭಾರವೂ ಅದರೊಂದಿಗೆ ಮುಂದಕ್ಕೆ ಸರಿಯುತ್ತದೆ.

ಇಲ್ಲಿಂದ ಮುಂದೆ ಹೆಣ್ಣಿನ ದೇಹಕ್ಕೆ ಪ್ರತ್ಯೇಕ ಲೆಕ್ಕ. ಆ ಕೂರುವ ಮೂಳೆಗಳು ಎರಡು ಬಿಡಿ ಗುಂಡುಗಳಲ್ಲ. ಮುಂದಕ್ಕೆ ಹೋದಂತೆ ಅವು ಒಂದಕ್ಕೊಂದು ಹತ್ತಿರ ಬಂದು, ಕಿಬ್ಬೊಟ್ಟೆಯ ಕೆಳಗೆ ಒಂದು ಕಮಾನಾಗಿ ಸೇರುತ್ತವೆ. ಗಂಡಸರಲ್ಲಿ ಆ ಕಮಾನು ಕಿರಿದು, ಕೋನ ಚೂಪು. ಹೆಂಗಸರಲ್ಲಿ ಹೆರಿಗೆಗೆ ದಾರಿ ಬೇಕಾದ್ದರಿಂದ ಕಮಾನು ಅಗಲ, ಕೋನ ಸಾಮಾನ್ಯವಾಗಿ 80-90 ಡಿಗ್ರಿಯ ಆಸುಪಾಸು. ಹಿಂದಿನ ಮೂಳೆಗಳ ನಡುವಿನ ಅಂತರವೂ ಸರಾಸರಿಯಲ್ಲಿ ಹೆಚ್ಚು. ಕಿರಿದಾದ ಸೀಟಿನ ಮೇಲೆ ಇಂಥ ಮೈಕಟ್ಟಿನವಳು ಕೂತರೆ ಮೂಳೆಗಳು ಸೀಟಿನ ಅಂಚಿನಿಂದ ಆಚೆಗೆ ಜಾರುತ್ತವೆ. ಹೊರಬೇಕಾದ್ದು ಹೊರದಿದ್ದಾಗ ಭಾರ ಬೀಳುವುದು ನಡುವಿನ ಮೃದು ಭಾಗದ ಮೇಲೆ. ಅವಳು ಬಾಗಿದಷ್ಟೂ ಆ ಭಾರ ಹೆಚ್ಚು.

ಯೇಲ್ ವಿಶ್ವವಿದ್ಯಾಲಯದ ಸ್ತ್ರೀರೋಗ ತಜ್ಞೆ ಮಾರ್ಷಾ ಗೆಸ್ ಮತ್ತು ಸಂಗಡಿಗರು ಸ್ಪರ್ಧೆಗಿಳಿಯುವ 48 ಸೈಕಲ್ ಸವಾರಿಣಿಯರನ್ನು ಅವರವರ ಸೈಕಲ್ಲಿನ ಮೇಲೇ ಕೂರಿಸಿ ಒತ್ತಡ ಅಳೆದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎದ್ದು ಕಂಡದ್ದು ಸೀಟಲ್ಲ, ಹ್ಯಾಂಡಲ್ಲು. ಹ್ಯಾಂಡಲ್ಲು ಸೀಟಿಗಿಂತ ಕೆಳಗಿದ್ದವರಲ್ಲಿ ಮೃದು ಭಾಗದ ಮೇಲಿನ ಒತ್ತಡ ಹೆಚ್ಚು, ಅಲ್ಲಿನ ಸ್ಪರ್ಶಜ್ಞಾನ ಕಡಿಮೆ. ಸೀಟು ಬದಲಾಯಿಸಿ ಬದಲಾಯಿಸಿ ಸೋತವರು ಮೊದಲು ಗಮನಿಸಬೇಕಾದ ವಿಷಯ ಇದು.

ಸೈಕಲ್ ಸೀಟಿನ ಇತಿಹಾಸದಲ್ಲಿ ಹೆಂಗಸು ಬಹಳ ಕಾಲ ಬಾಗಿಲಾಚೆ ನಿಂತಿದ್ದಳು. ಬರ್ಮಿಂಗ್‌ಹ್ಯಾಮಿನ ಜಾನ್ ಬೌಲ್ಟ್‌ಬಿ ಬ್ರೂಕ್ಸ್ 1866ರಲ್ಲಿ ಕುದುರೆ ಜೀನು, ಚರ್ಮದ ಸಾಮಾನಿನ ವ್ಯಾಪಾರ ಶುರು ಮಾಡಿದವರು. ಅವರ ಕುದುರೆ ಸತ್ತು, ಓಡಾಟಕ್ಕೆ ಸೈಕಲ್ಲೊಂದನ್ನು ಎರವಲು ಪಡೆದರಂತೆ. ಸೀಟು ಕೂರಲಾಗದಷ್ಟು ಕೆಟ್ಟದಾಗಿತ್ತು. ಅದನ್ನು ಸರಿಪಡಿಸುವ ಹಟದಲ್ಲಿ 1882ರಲ್ಲಿ ಚರ್ಮದ ಸೀಟಿಗೆ ಪೇಟೆಂಟ್ ಪಡೆದರು. ಬ್ರೂಕ್ಸ್ ಸೀಟುಗಳು ಇಂದಿಗೂ ಮಾರಾಟದಲ್ಲಿವೆ, ದೂರ ಸವಾರಿಯವರಲ್ಲಿ ಅವಕ್ಕೆ ಭಕ್ತರೇ ಇದ್ದಾರೆ. 1890ರ ದಶಕದಲ್ಲಿ ಯುರೋಪು, ಅಮೆರಿಕಗಳ ಹೆಂಗಸರು ಸೈಕಲ್ ಹತ್ತಿದಾಗ ಅಲ್ಲಿನ ವೈದ್ಯರಲ್ಲಿ ಒಂದು ಗದ್ದಲವೇ ಎದ್ದಿತು. ಅದರಲ್ಲಿ ಅವರ ನೋವಿನ ಚಿಂತೆಗಿಂತ ಶೀಲದ ಚಿಂತೆಯೇ ದೊಡ್ಡದಾಗಿತ್ತು. ಆ ಗದ್ದಲದ ನಡುವೆಯೇ ಎರಡು ಮೆತ್ತೆಗಳನ್ನು ಬೇರೆ ಬೇರೆ ಇಟ್ಟು ನಡುವೆ ಜಾಗ ಬಿಟ್ಟ ‘ಆರೋಗ್ಯಕರ’ ಸೀಟುಗಳು ಬಂದವು, ಹೋದವು. ನಡುವೆ ಭಾರ ಬೀಳಬಾರದು ಎಂಬ ತಿಳಿವಳಿಕೆ ಆಗಲೇ ಇತ್ತು ಅನ್ನುವುದಕ್ಕೆ ಇಷ್ಟು ಸಾಕು.

ಸ್ಪರ್ಧೆಯ ಸೈಕಲ್ಲು ಮಾತ್ರ ಗಂಡಸರದಾಗಿಯೇ ಉಳಿಯಿತು. 1896ರ ಮೊದಲ ಒಲಿಂಪಿಕ್ಸಿನಿಂದಲೂ ಸೈಕ್ಲಿಂಗ್ ಇದೆ, ಹೆಂಗಸರಿಗೆ ಪ್ರವೇಶ ಸಿಕ್ಕಿದ್ದು 1984ರ ಲಾಸ್ ಏಂಜಲಿಸ್‌ನಲ್ಲಿ. ಮರುವರ್ಷ, 1985ರಲ್ಲಿ, ಜಾರ್ಜಿನಾ ಟೆರಿ ಎಂಬ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರ್ ಹೆಂಗಸರ ಅಳತೆಗೇ ಸೈಕಲ್ ಕಟ್ಟುವ ಕಂಪನಿ ತೆರೆದರು. 1990ರ ದಶಕದ ಆರಂಭದಲ್ಲಿ ಅವರ ಕಂಪನಿ ನಡುವೆ ತೂತು ಬಿಟ್ಟ ಹೆಂಗಸರ ಸೀಟನ್ನು ಮಾರುಕಟ್ಟೆಗೆ ತಂದಿತು. ಅದನ್ನು ಸೈಕಲ್ ಲೋಕ ಹೆಂಗಸರ ವಿಚಾರ ಎಂದು ಪಕ್ಕಕ್ಕಿಟ್ಟಿತು. 1997ರಲ್ಲಿ ಬೋಸ್ಟನ್ನಿನ ಮೂತ್ರರೋಗ ತಜ್ಞ ಅರ್ವಿನ್ ಗೋಲ್ಡ್‌ಸ್ಟೈನ್, ಸೈಕಲ್ ಸೀಟಿನಿಂದ ಗಂಡಸರ ಪುರುಷತ್ವಕ್ಕೇ ಕುತ್ತು ಎಂದು ಅಮೆರಿಕದ ಪತ್ರಿಕೆಯೊಂದರಲ್ಲಿ ಎಚ್ಚರಿಸಿದ್ದೇ ತಡ, ದೊಡ್ಡ ಕಂಪನಿಗಳು ಎದ್ದು ಕೂತವು. ಸ್ಪೆಶಲೈಸ್ಡ್ ಕಂಪನಿ ರೋಜರ್ ಮಿಂಕೋವ್ ಎಂಬ ವೈದ್ಯರ ವಿನ್ಯಾಸದ, ನಡುವೆ ಕತ್ತರಿಸಿದ ಸೀಟು ತಂದಿತು. ನೋಡನೋಡುತ್ತಿದ್ದಂತೆ ಎಲ್ಲರ ಸೀಟಿನಲ್ಲೂ ತೂತು ಬಂತು. ಯಾರ ನೋವಿಗೆ ಮಾರುಕಟ್ಟೆ ಎಷ್ಟು ಬೇಗ ಓಗೊಡುತ್ತದೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಒಲಿಂಪಿಕ್ ಮಟ್ಟದವರೂ ಬಾಯಿ ಬಿಟ್ಟದ್ದು ತೀರಾ ಈಚೆಗೆ. 2016ರ ರಿಯೊ ಒಲಿಂಪಿಕ್ಸಿಗೆ ಮುಂಚೆ ಬ್ರಿಟನ್ನಿನ ಸೈಕ್ಲಿಂಗ್ ಸಂಸ್ಥೆ ತನ್ನ ಮಹಿಳಾ ತಂಡದ ಸೀಟುಗಾಯಗಳ ಬಗ್ಗೆ ತಜ್ಞರನ್ನು ಕೂರಿಸಿ ವಿಚಾರಿಸಿತು. ಕೂದಲು ಪೂರ್ತಿ ತೆಗೆಸುವುದನ್ನು ನಿಲ್ಲಿಸಿ ಎಂಬುದು ಅವರ ಒಂದು ಸಲಹೆ, ಚರ್ಮ ಉಜ್ಜದಂತೆ ಕಾಪಾಡುವುದೇ ಅದು. ಇನ್ನೊಂದು, ಸೀಟಿನ ಮೂತಿಯನ್ನು ಇನ್ನಷ್ಟು ಕೆಳಕ್ಕೆ ಬಾಗಿಸಲು ಅವಕಾಶ ಬೇಕು ಎಂಬುದು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮ ಅದುವರೆಗೆ ಸೀಟನ್ನು ಬಹುತೇಕ ಮಟ್ಟಸವಾಗಿಯೇ ಇಡಬೇಕು ಅನ್ನುತ್ತಿತ್ತು. ಈಗ 9 ಡಿಗ್ರಿವರೆಗೆ ಬಾಗಿಸಬಹುದು. ಬ್ರಿಟನ್ನಿನದೇ ಪ್ಯಾರಾಲಿಂಪಿಕ್ ಸವಾರಿಣಿ ಹ್ಯಾನಾ ಡೈನ್ಸ್, ವರ್ಷಗಟ್ಟಲೆ ಸೀಟಿನ ಒತ್ತಡದಿಂದ ಜನನಾಂಗದಲ್ಲಿ ಊತ ಬೆಳೆದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾದ ಕಥೆಯನ್ನು 2019ರಲ್ಲಿ ಪತ್ರಿಕೆಯಲ್ಲಿ ತಮ್ಮ ಹೆಸರು ಹಾಕಿಯೇ ಬರೆದರು. ಅಂಥ ಬರಹ ಕನ್ನಡದಲ್ಲಿ ಬಂದರೆ ಮನೆಮಂದಿಯೆಲ್ಲ ಓದುವ ಪುರವಣಿಯಲ್ಲಿ ಇದೇಕೆ ಎನ್ನುವವರು ಇದ್ದೇ ಇರುತ್ತಾರೆ. ಸೈಕಲ್ ತುಳಿಯುವ ಹೆಣ್ಣುಮಕ್ಕಳೂ ಮನೆಮಂದಿಯೊಳಗೇ ಇದ್ದಾರೆ ಎಂದಷ್ಟೇ ಅವರಿಗೆ ಉತ್ತರ.

ಅಂಗಡಿಯ ವಿಚಾರಕ್ಕೆ ಬರೋಣ. ನೋವು ಎಂದು ಹೋದವಳಿಗೆ ಸಿಗುವ ಮೊದಲ ಮದ್ದು ಜೆಲ್ ಕವರು. ‘ಚೇಚೀ, ಇದು ಹಾಕಿ ನೋಡಿ, ಹತ್ತಿಯ ಹಾಗೆ ಇರುತ್ತೆ’ ಎಂದು ಅಂಗಡಿಯ ಹುಡುಗ ಹೆಬ್ಬೆರಳಿನಿಂದ ಒತ್ತಿ ತೋರಿಸುತ್ತಾನೆ. ಬೆರಳಿಗೆ ಹಿತವಾದದ್ದು ಮೈಗೆ ಹಿತವಾಗಬೇಕೆಂದಿಲ್ಲ. ಮೆತ್ತನೆಯ ಜೆಲ್ಲಿನಲ್ಲಿ ಕೂರುವ ಮೂಳೆಗಳು ಕೆಳಕ್ಕೆ ಹುದುಗುತ್ತವೆ. ಅವು ಹುದುಗಿದಷ್ಟೂ ನಡುವಿನ ಜೆಲ್ಲು ಉಬ್ಬಿ ಮೇಲೆ ಒತ್ತುತ್ತದೆ, ಯಾವ ಜಾಗ ಬಿಡಬೇಕಿತ್ತೋ ಅಲ್ಲಿಗೇ. ಹತ್ತು ಕಿಲೋಮೀಟರಿಗೆ ಸುಖ, ಐವತ್ತಕ್ಕೆ ಜೋಮು. ಇದರ ಜೊತೆಗೆ ಕವರು ಅತ್ತಿತ್ತ ಸರಿದಾಡಿ ಉಜ್ಜುವುದು ಬೇರೆ. ದೂರ ಓಡಿಸುವವರ ಸೀಟುಗಳು ಗಟ್ಟಿಯಾಗಿ ಕಾಣುವುದು ಇದಕ್ಕೇ: ಗಟ್ಟಿ ಸೀಟು ಮೂಳೆಯನ್ನು ಮೇಲೆ ಎತ್ತಿ ಹಿಡಿಯುತ್ತದೆ.

ಬೇಕಾದ್ದು ಅಗಲ. ಚಪ್ಪಲಿ ಕೊಳ್ಳುವಾಗ ನಂಬರು ಕೇಳುವ ನಾವು ಸೀಟು ಕೊಳ್ಳುವಾಗ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ. ಒಂದೇ ಮಾದರಿಯ ಸೀಟು 143, 155, 168 ಮಿಲಿಮೀಟರ್ ಎಂಬಂತೆ ಎರಡು ಮೂರು ಅಗಲಗಳಲ್ಲಿ ಬರುತ್ತದೆ ಎಂಬುದೇ ಎಷ್ಟೋ ಜನರಿಗೆ ತಿಳಿದಿಲ್ಲ. ನಿಮ್ಮ ಅಗಲ ಎಷ್ಟು ಎಂದು ತಿಳಿಯಲು ಯಂತ್ರ ಬೇಕಿಲ್ಲ. ರಟ್ಟಿನ ಪೆಟ್ಟಿಗೆಯೊಂದನ್ನು ಕತ್ತರಿಸಿ, ಒಳಗೆ ಅಲೆಅಲೆಯಾಗಿರುವ ಆ ರಟ್ಟನ್ನು ಗಟ್ಟಿ ಮೆಟ್ಟಿಲಿನ ಮೇಲಿಡಿ. ತೆಳು ಬಟ್ಟೆಯಲ್ಲಿ ಅದರ ಮೇಲೆ ಕೂತು, ಮೊಣಕಾಲು ಸ್ವಲ್ಪ ಮೇಲೆತ್ತಿ, ಸೈಕಲ್ಲಿನ ಮೇಲೆ ಬಾಗುವಷ್ಟೇ ಮುಂದಕ್ಕೆ ಬಾಗಿ ಒಂದು ನಿಮಿಷ ಇರಿ. ಎದ್ದು ನೋಡಿದರೆ ರಟ್ಟಿನಲ್ಲಿ ಎರಡು ಗುಳಿ. ಅವುಗಳ ನಡುಬಿಂದುಗಳ ಅಂತರವೇ ನಿಮ್ಮ ಕೂರುವ ಮೂಳೆಗಳ ಅಂತರ. ಅದಕ್ಕೆ 20ರಿಂದ 30 ಮಿಲಿಮೀಟರ್ ಕೂಡಿಸಿದರೆ ಸೀಟಿನ ಅಗಲ ಸುಮಾರಾಗಿ ಸಿಗುತ್ತದೆ. ಅಂತರ 125 ಬಂದರೆ 145ರಿಂದ 155ರ ಸೀಟು ನೋಡಬೇಕು. ತುಂಬ ಬಾಗಿ ಓಡಿಸುವವರು ಕಡಿಮೆ ಕೂಡಿಸಲಿ, ನೆಟ್ಟಗೆ ಕೂರುವವರು ಹೆಚ್ಚು.

ದಪ್ಪಗಿರುವವರ ಅಂತರ ಹೆಚ್ಚು, ತೆಳ್ಳಗಿರುವವರದ್ದು ಕಡಿಮೆ ಎಂಬ ಲೆಕ್ಕ ತಪ್ಪು. ಅಳೆಯುತ್ತಿರುವುದು ಮೂಳೆಯನ್ನು, ಸೀರೆಯ ಸುತ್ತಳತೆಯನ್ನಲ್ಲ. ಹೆಂಗಸರೆಲ್ಲರಿಗೂ ಅಗಲದ್ದೇ ಬೇಕು ಎನ್ನುವುದೂ ಅಷ್ಟೇ ತಪ್ಪು. ಸರಾಸರಿಯ ಮಾತು ಸರಾಸರಿಗೆ ಮಾತ್ರ. ಕಿರಿದಾದ ಸೀಟಿನಲ್ಲಿ ಸುಖವಾಗಿರುವ ಹೆಂಗಸರೂ, 155ಕ್ಕೆ ಬದಲಾಯಿಸಿಕೊಂಡ ಮೇಲೆ ನೆಮ್ಮದಿ ಕಂಡ ಗಂಡಸರೂ ಬೇಕಾದಷ್ಟಿದ್ದಾರೆ. 2019ರಲ್ಲಿ ಸ್ಪೆಶಲೈಸ್ಡ್ ಕಂಪನಿ ‘ಹೆಂಗಸರ ಸೈಕಲ್’ ಎಂಬ ವಿಂಗಡಣೆಯನ್ನೇ ಕೈಬಿಟ್ಟಿದ್ದು ಇದೇ ಕಾರಣ ಹೇಳಿ: ಹೆಣ್ಣು ಗಂಡುಗಳ ನಡುವಿನ ವ್ಯತ್ಯಾಸಕ್ಕಿಂತ ಹೆಣ್ಣು ಹೆಣ್ಣಿನ ನಡುವಿನ ವ್ಯತ್ಯಾಸ ದೊಡ್ಡದು. ಹಾಗಾಗಿ ಗುಲಾಬಿ ಹೊಲಿಗೆ ಹಾಕಿ ‘ಲೇಡಿಸ್’ ಎಂದು ಬರೆದ ಸೀಟಿಗಿಂತ ಮಿಲಿಮೀಟರ್ ಬರೆದ ಸೀಟನ್ನು ನಂಬುವುದು ಕ್ಷೇಮ.

ಅಗಲದ ನಂತರ ಆಕಾರ. ಹಳೆಯ ರೇಸಿಂಗ್ ಸೀಟುಗಳು 27-28 ಸೆಂಟಿಮೀಟರ್ ಉದ್ದ, ಮೂತಿ ನೀಳ. 2015ರ ಸುಮಾರಿಗೆ ಬಂದ ಗಿಡ್ಡ ಮೂತಿಯ ಸೀಟುಗಳು ಸ್ಪರ್ಧಾ ನಿಯಮದ ಕನಿಷ್ಠ ಉದ್ದವಾದ 24 ಸೆಂಟಿಮೀಟರಿಗೆ ಇಳಿದವು. ಬಾಗಿದಾಗ ಮುಂದೆ ಒತ್ತುವ ಮೂತಿಯೇ ಇಲ್ಲದ್ದರಿಂದ ಹೆಂಗಸರಲ್ಲಿ ಅನೇಕರಿಗೆ ಇವು ಹೊಂದಿಬಂದವು. ನಡುವಿನ ತೂತಿನ ವಿಚಾರ ಅಷ್ಟು ಸುಲಭವಲ್ಲ. ಕೆಲವರಿಗೆ ತೂತಿನಿಂದ ಬಿಡುಗಡೆ ಸಿಕ್ಕರೆ ಇನ್ನು ಕೆಲವರಿಗೆ ತೂತಿನ ಅಂಚೇ ಕೊರೆಯುತ್ತದೆ, ಮೃದು ಭಾಗ ತೂತಿನೊಳಕ್ಕೆ ಇಳಿದು ಊದುತ್ತದೆ. 2018ರಲ್ಲಿ ತೂತಿನ ಜಾಗದಲ್ಲಿ ಬೇರೆ ಬೇರೆ ಗಟ್ಟಿತನದ ಫೋಮು ಪದರ ತುಂಬಿದ ಸೀಟುಗಳು ಬಂದದ್ದು ಈ ದೂರಿಗೆ ಉತ್ತರವಾಗಿ. ಮೂತಿಯನ್ನೇ ಸೀಳಿ ಎರಡು ಕವಲು ಮಾಡಿದ ಸೀಟುಗಳೂ ಇವೆ, ಟ್ರಯಥ್ಲಾನ್ ಮಂದಿಗೆ ಅವು ಪ್ರಿಯ. ತೊಡೆ ದಪ್ಪ ಇರುವವರು ಮೂತಿಯಿಂದ ಹಿಂಬದಿಗೆ ನಿಧಾನ ಅಗಲವಾಗುವ ಸೀಟಿಗಿಂತ ಹಠಾತ್ತನೆ ಅಗಲವಾಗುವುದನ್ನು ನೋಡಲಿ, ಒಳತೊಡೆ ಉಜ್ಜುವುದು ಕಡಿಮೆ.

ಹೊಸ ಸೀಟಿಗೆ ದುಡ್ಡು ಹಾಕುವ ಮುನ್ನ ಇರುವ ಸೀಟನ್ನೇ ಸರಿಯಾಗಿ ಕೂರಿಸಿ ನೋಡಬೇಕು, ಅದಕ್ಕೆ ಬೇಕಾದ್ದು ಒಂದು ಅಲನ್ ಕೀ ಅಷ್ಟೆ. ಸೀಟು ಎತ್ತರವಾದರೆ ಪೆಡಲ್ ತಳಕ್ಕೆ ಹೋದಾಗಲೆಲ್ಲ ಸೊಂಟ ಒಂದು ಬದಿಗೆ ವಾಲುತ್ತದೆ. ಪ್ರತಿ ಸುತ್ತಿಗೂ ಒಂದು ಉಜ್ಜು, ನಿಮಿಷಕ್ಕೆ ಎಂಬತ್ತು ತೊಂಬತ್ತು ಸುತ್ತು. ಒಂದು ಬದಿ ಮಾತ್ರ ಊದುವವರು ಮೊದಲು ಇದನ್ನೇ ಅನುಮಾನಿಸಲಿ. ಬರಿಗಾಲಲ್ಲಿ ಗೋಡೆಗೊರಗಿ ನಿಂತು ತೊಡೆಸಂದಿಯಿಂದ ನೆಲದವರೆಗಿನ ಅಳತೆ ತೆಗೆದು 0.883ರಿಂದ ಗುಣಿಸುವುದು ಫ್ರೆಂಚ್ ತರಬೇತುದಾರ ಸಿರಿಲ್ ಗಿಮಾರ್ ಮತ್ತು ಅಮೆರಿಕದ ಚಾಂಪಿಯನ್ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಓಡಾಡುವ ಹಳೆಯ ಸೂತ್ರ. ಆ ಅಳತೆ 72 ಸೆಂಟಿಮೀಟರಾದರೆ ಪೆಡಲುಗಳ ಕ್ರ್ಯಾಂಕು ತಿರುಗುವ ನಡು ಅಚ್ಚಿನಿಂದ ಸೀಟಿನ ಮೇಲ್ಮೈಗೆ ಸುಮಾರು 63.6. ಇದು ಆರಂಭಕ್ಕೆ ಮಾತ್ರ, ಮುಂದೆ ಮೈ ಹೇಳಿದಂತೆ ಐದೈದು ಮಿಲಿಮೀಟರ್ ಏರಿಳಿಸಿಕೊಳ್ಳಬೇಕು. ಸೀಟಿನ ಮೂತಿ ಒಂದೆರಡು ಡಿಗ್ರಿ ಕೆಳಗಿರಲಿ. ಇನ್ನೂ ಹೆಚ್ಚು ಬಾಗಿಸಿದರೆ ಮೈ ಮುಂದಕ್ಕೆ ಜಾರಿ ಅಂಗೈ, ಭುಜಗಳ ಮೇಲೆ ಭಾರ.

ಜಾರುವುದಕ್ಕೆ ಇನ್ನೊಂದು ಕಾರಣ ಸೈಕಲ್ಲೇ ದೊಡ್ಡದಿರುವುದು. ಐದಡಿ ಒಂದೆರಡು ಇಂಚಿನ ಹೆಣ್ಣುಮಗಳಿಗೆ ಬೇಕಾದ ಸಣ್ಣ ಫ್ರೇಮು ನಮ್ಮ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಇದ್ದುದರಲ್ಲೇ ಸಣ್ಣದು ಎಂದು ಒಂದು ಅಳತೆ ದೊಡ್ಡದನ್ನೇ ಕೊಟ್ಟು ಕಳಿಸುತ್ತಾರೆ. ಹ್ಯಾಂಡಲ್ಲು ಕೈಗೆ ಎಟುಕದೆ ಅವಳು ಸೀಟಿನ ಮೂತಿಗೆ ಜರುಗಿ ಕೂರುತ್ತಾಳೆ. ಅಗಲ ಅಳೆದು ತಂದ ಸೀಟಿನ ಅಗಲ ಭಾಗ ಹಿಂದೆ ಖಾಲಿ ಉಳಿಯುತ್ತದೆ. ಇಂಥವಳಿಗೆ ಹತ್ತು ಸೀಟು ಬದಲಾಯಿಸಿದರೂ ಗುಣ ಕಾಣದು. ಹ್ಯಾಂಡಲ್ಲನ್ನು ಹಿಡಿದಿರುವ ಸ್ಟೆಮ್ಮನ್ನು ಗಿಡ್ಡದಕ್ಕೆ ಬದಲಾಯಿಸಿ, ಸ್ಪೇಸರುಗಳನ್ನಿಟ್ಟು ಹ್ಯಾಂಡಲ್ಲು ಎತ್ತರಿಸಿದರೆ ಸೀಟಿಗಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಸುಖ. ಯೇಲ್ ಅಧ್ಯಯನ ಹೇಳಿದ್ದೂ ಅದನ್ನೇ ಅಲ್ಲವೆ?

ಕೇರಳದಲ್ಲಿ ಇದಕ್ಕೆಲ್ಲ ಮೇಲೆ ಬೆವರಿನ ಕಾಟ. ಧಾರವಾಡದ ಒಣ ಗಾಳಿಯಲ್ಲಿ ಎರಡು ತಾಸು ಓಡಿಸಿದರೆ ಆಗುವ ಗಾಯ ಇಲ್ಲಿ ಮುಕ್ಕಾಲು ತಾಸಿನಲ್ಲಿ ಆಗುತ್ತದೆ. ಇಡವಪ್ಪಾತಿ ಎನ್ನುವ ಇಲ್ಲಿನ ಮುಂಗಾರು ಮಳೆ ಹಿಡಿದರೆ ನೆನೆದ ಬಟ್ಟೆಯಲ್ಲೇ ಸವಾರಿ. ತೇವದ ಚರ್ಮ ಬೇಗ ಸುಲಿಯುತ್ತದೆ, ಸುಲಿದಲ್ಲಿ ಸೋಂಕು ಬೇಗ ಹೊಗುತ್ತದೆ. ಪ್ಯಾಡ್ ಹೊಲಿದ ಸೈಕ್ಲಿಂಗ್ ಚಡ್ಡಿಯ ಒಳಗೆ ಒಳಉಡುಪು ತೊಡಬಾರದು ಎಂಬುದನ್ನು ಹೊಸಬರಿಗೆ ಯಾರೂ ಹೇಳಿರುವುದಿಲ್ಲ. ಹೊಲಿಗೆಗಳು ಉಜ್ಜುವುದು ಅಲ್ಲಿಂದಲೇ. ಪ್ಯಾಡು ಹೆಂಗಸರಿಗೆಂದೇ ಕತ್ತರಿಸಿದ್ದಿರಲಿ, ದಪ್ಪ ಇದ್ದಷ್ಟೂ ಒಳ್ಳೆಯದು ಎಂದೇನಿಲ್ಲ. ಸವಾರಿ ಮುಗಿದ ಮೇಲೆ ಅದೇ ಚಡ್ಡಿಯಲ್ಲಿ ಪುಟ್ಟು-ಕಡಲೆ ತಿನ್ನುತ್ತಾ ಗಂಟೆಗಟ್ಟಲೆ ಹರಟೆ ಬೇಡ, ಕಳಚಿ, ತೊಳೆದು, ಮೈ ಒರೆಸಿಕೊಂಡ ಮೇಲೆ ಬೇಕಾದಷ್ಟು ಹರಟಬಹುದು. ಉಜ್ಜದಂತೆ ಹಚ್ಚುವ ಕ್ರೀಮುಗಳಲ್ಲಿ ಕೆಲವಕ್ಕೆ ತಂಪಿಗೆಂದು ಮೆಂಥಾಲ್ ಬೆರೆಸಿರುತ್ತಾರೆ. ಗಂಡಸರ ಮೈಗೆ ತಂಪಾಗುವ ಅದು ಹೆಂಗಸರಿಗೆ ಉರಿ ಎಬ್ಬಿಸಬಹುದು. ಡಬ್ಬಿ ಓದಿಯೇ ಕೊಳ್ಳಬೇಕು.

ಮುಟ್ಟಿನ ದಿನಗಳ ಪ್ರಶ್ನೆ ಬೇರೆ. ಪ್ಯಾಡಿನ ಮೇಲೆ ಪ್ಯಾಡು ಕೂತು ಅಂಚು ಮಡಚಿಕೊಂಡರೆ ಒಳ್ಳೆಯ ಸೀಟೂ ಶೂಲವೇ. ಈ ವಿಷಯದಲ್ಲಿ ಕೇರಳ ನಾಲ್ಕು ಹೆಜ್ಜೆ ಮುಂದಿದೆ. ತಿರುವನಂತಪುರದಲ್ಲೇ ಕೇಂದ್ರ ಕಚೇರಿ ಇರುವ ಎಚ್‌ಎಲ್‌ಎಲ್ ಲೈಫ್‌ಕೇರ್ 2019ರಲ್ಲಿ ಆಲಪ್ಪುಳ ನಗರಸಭೆಯೊಂದಿಗೆ ಸೇರಿ ಐದು ಸಾವಿರ ಮುಟ್ಟಿನ ಕಪ್ಪುಗಳನ್ನು ಹಂಚಿತು. ಕೊಚ್ಚಿಯ ಪಕ್ಕದ ಕುಂಬಳಂಗಿ 2022ರ ಜನವರಿಯಲ್ಲಿ ಸ್ಯಾನಿಟರಿ ನ್ಯಾಪ್ಕಿನ್ ಮುಕ್ತ ಗ್ರಾಮವೆಂದು ಘೋಷಣೆಯಾಯಿತು. ಈ ಯೋಜನೆಗಳು ಸೈಕಲ್ಲಿನವರಿಗಾಗಿ ಬಂದವಲ್ಲ, ಆದರೂ ಕಪ್ಪಿಗೆ ಬದಲಾಯಿಸಿಕೊಂಡ ಸವಾರಿಣಿಯರು ಹೇಳುವ ನೆಮ್ಮದಿ ಕೇಳಿದರೆ ಇದನ್ನು ಸೀಟಿನ ಲೇಖನದಿಂದ ಹೊರಗಿಡಲಾಗದು.

ದೂರ ಸವಾರಿ ಮಾಡುವವರಿಗೆ ಇದೆಲ್ಲ ಆಯ್ಕೆಯ ಮಾತಲ್ಲ. ಬ್ರೆವೆ ಎಂದು ಕರೆಯುವ ಸವಾರಿಗಳಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆಯ ಗಡುವು. ಅಷ್ಟು ಹೊತ್ತು ಅದೇ ಸೀಟು. ಕೊಚ್ಚಿ, ತಿರುವನಂತಪುರ, ಬೆಂಗಳೂರುಗಳಲ್ಲಿ ಇವು ನಡೆಯುತ್ತವೆ. ಕಾಲು ಸೋತು ಬಿಟ್ಟವರಿಗಿಂತ ಸೀಟಿನ ಮೇಲೆ ಕೂರಲಾಗದೆ ಬಿಟ್ಟ ಹೆಂಗಸರನ್ನೇ ನಾನು ಹೆಚ್ಚು ಕಂಡಿದ್ದೇನೆ. ಇವರು ಹೇಗೋ ತಮ್ಮ ದಾರಿ ಕಂಡುಕೊಳ್ಳುತ್ತಾರೆ. ಕೈಯಲ್ಲಿ ಸಂಬಳವಿದೆ, ಬೇಡವಾದ ಸೀಟನ್ನು ಮಾರಿ ಬೇರೆ ಕೊಳ್ಳಬಲ್ಲರು. ನನಗೆ ಕಳವಳ ಇರುವುದು ಬೇರೆಯವರ ಬಗ್ಗೆ.

ಶ್ರೀಕಾರ್ಯಂನಿಂದ ಒಂದಿಷ್ಟು ತುಳಿದರೆ ಕಾರ್ಯವಟ್ಟಂನಲ್ಲಿ 1985ರಲ್ಲಿ ಶುರುವಾದ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜು. 2015ರ ರಾಷ್ಟ್ರೀಯ ಕ್ರೀಡಾಕೂಟದ ಟ್ರ್ಯಾಕ್ ಸೈಕ್ಲಿಂಗ್ ನಡೆದ ವೆಲೊಡ್ರೋಮ್ ಇರುವುದು ಆ ಆವರಣದಲ್ಲೇ. ಅದರ ಇಳಿಜಾರು ಗೋಡೆಯ ಮೇಲೆ ಸುತ್ತುವ ಹುಡುಗಿಯರನ್ನು ನೋಡುವಾಗೆಲ್ಲ ನನಗೆ ನೆನಪಾಗುವುದು ನಮ್ಮ ವಿಜಯಪುರ, ಬಾಗಲಕೋಟೆ ಸೀಮೆ. ಕನ್ನಡನಾಡಿನ ಸೈಕ್ಲಿಂಗಿನ ತವರು ಅದು. ವಿಜಯಪುರದ ಕ್ರೀಡಾ ವಸತಿ ನಿಲಯ, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆ, ಜಮಖಂಡಿ, ಮುಧೋಳದ ರಸ್ತೆಗಳು ಎಷ್ಟೋ ಸವಾರಿಣಿಯರನ್ನು ಬೆಳೆಸಿವೆ. ಮೇಘಾ ಗುಗಾಡ, ರೇಣುಕಾ ದಂಡಿನ ಮುಂತಾದವರು ಕರ್ನಾಟಕದ ಪರ ಓಡಿಸಿ ಹೆಸರು ಮಾಡಿದ್ದು ಆ ಬಿಸಿಲಿನಿಂದಲೇ ಬಂದು. ವಿಜಯಪುರದ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಕುಂಟಿದ್ದನ್ನು ಪತ್ರಿಕೆಗಳು ಬರೆದು ಬರೆದು ಸುಸ್ತಾದವು. ಆ ಹುಡುಗಿಯರು ಹೆದ್ದಾರಿಯಲ್ಲೇ ತಾಲೀಮು ಮಾಡಿದರು.

ಹನ್ನೆರಡು ಹದಿಮೂರರ ವಯಸ್ಸಿಗೆ ವಸತಿ ನಿಲಯ ಸೇರುವ ಆ ಹುಡುಗಿಗೆ ಸೈಕಲ್ ಆಯ್ಕೆ ಮಾಡುವ ಅವಕಾಶವಿಲ್ಲ. ಹಿಂದಿನವಳು ಬಿಟ್ಟುಹೋದ ಸೈಕಲ್ಲು, ಅದರೊಂದಿಗೆ ಬಂದ ಸೀಟು. ದಿನಕ್ಕೆರಡು ಹೊತ್ತು ತಾಲೀಮು. ಬೆಳೆಯುವ ವಯಸ್ಸಿನಲ್ಲಿ ಸೊಂಟದ ಮೂಳೆಗಳು ಬದಲಾಗುತ್ತಿರುತ್ತವೆ, ಎತ್ತರವೂ. ತರಬೇತುದಾರರಲ್ಲಿ ಬಹುಪಾಲು ಗಂಡಸರು. ಅಂಥ ನಿಲಯದಲ್ಲಿ ಓದಿ ಬಂದ ಹುಡುಗಿಯೊಬ್ಬಳು ಒಮ್ಮೆ ನನ್ನ ಪ್ರಶ್ನೆಗೆ ಮರುಪ್ರಶ್ನೆಯನ್ನೇ ಹಾಕಿದಳು: ‘ಸರ್‌ಗೆ ಹ್ಯಾಂಗ ಹೇಳೂದ್ರೀ ಅಕ್ಕಾರ?’ ಜ್ವರ ಎಂದು ಸುಳ್ಳು ಹೇಳಿ ಎರಡು ದಿನ ರಜೆ ಹಾಕುವುದೇ ಅವರೊಳಗಿನ ಉಪಾಯವಂತೆ. ಕುರು ಒಡೆದ ಮೇಲೆ ಮತ್ತೆ ಅದೇ ಸೀಟು.

ಇದಕ್ಕೆ ಕೋಟಿಗಟ್ಟಲೆ ಬೇಡ. ಕ್ರೀಡಾ ಇಲಾಖೆ ಪ್ರತಿ ನಿಲಯಕ್ಕೆ ಮೂರು ಅಗಲಗಳ, ಎರಡು ಮೂರು ಆಕಾರಗಳ ಹತ್ತು ಹನ್ನೆರಡು ಸೀಟುಗಳನ್ನು ಕೊಡಿಸಲಿ. ವರ್ಷಕ್ಕೆರಡು ಬಾರಿ ಹುಡುಗಿಯರ ಕೂರುವ ಅಳತೆ, ಕಾಲಿನ ಅಳತೆ ತೆಗೆಯಲಿ, ಅದೂ ಒಬ್ಬ ಮಹಿಳೆಯ ಕೈಯಿಂದ. ಸೀಟುಗಾಯ ಎಂಬ ಪದವನ್ನು ಮೊಣಕಾಲುನೋವಿನಷ್ಟೇ ಸಹಜವಾಗಿ ತರಬೇತುದಾರರು ತಾವಾಗಿಯೇ ಎತ್ತಲಿ, ಹುಡುಗಿ ಬಂದು ಹೇಳಲಿ ಎಂದು ಕಾಯುವುದು ಬೇಡ. ಜೋಮು ಸವಾರಿ ಮುಗಿದ ಮೇಲೂ ಉಳಿದರೆ, ಊತ ಒಂದೆರಡು ದಿನದಲ್ಲಿ ಇಳಿಯದಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸುವುದು ನಿಯಮವಾಗಲಿ.

ಸೈಕಲ್ ಅಂಗಡಿಯವರಲ್ಲೂ ಒಂದು ಕೋರಿಕೆ. ಸೀಟು ಕೂತು ನೋಡದೆ ತಿಳಿಯುವ ವಸ್ತುವಲ್ಲ, ಅಂಗಡಿಯೊಳಗೆ ಎರಡು ನಿಮಿಷ ಕೂತರೂ ತಿಳಿಯದು. ಒಂದು ವಾರ ಓಡಿಸಿ ಹಿಂತಿರುಗಿಸುವ ಪರೀಕ್ಷಾ ಸೀಟುಗಳನ್ನು ಹೊರದೇಶಗಳಲ್ಲಿ ಇಡುತ್ತಾರೆ. ಕೊಚ್ಚಿಯಲ್ಲಿ, ಬೆಂಗಳೂರಿನಲ್ಲಿ ಅದು ಆಗದ ಕೆಲಸವೇನಲ್ಲ. ಅದು ಬರುವವರೆಗೆ ಗೆಳತಿಯರು ತಮ್ಮಲ್ಲೇ ಸೀಟು ಬದಲಾಯಿಸಿಕೊಂಡು ನೋಡುವುದು ಒಳ್ಳೆಯ ಉಪಾಯ. ಕೊಳ್ಳಲು ಹೋದಾಗ ಬಣ್ಣ, ಬ್ರ್ಯಾಂಡು ಆಮೇಲೆ, ಅಗಲ ಎಷ್ಟು ಎಂದು ಮಿಲಿಮೀಟರಿನಲ್ಲಿ ಮೊದಲು ಕೇಳಿ. ಮಾರುವವರಿಗೆ ಗೊತ್ತಿಲ್ಲದಿದ್ದರೆ ಸೀಟನ್ನು ತಿರುಗಿಸಿ ನೋಡಿ. ಬಹುತೇಕ ಒಳ್ಳೆಯ ಸೀಟುಗಳ ತಳದಲ್ಲಿ ಅದನ್ನು ಬರೆದಿರುತ್ತಾರೆ.